ಹನ್ನೊಂದು ಗಂಟೆಯ ಪ್ರಕಟಣೆ

ಜುಲೈ ೭, ಮಂಗಳವಾರ

ಪ್ರೀತಿಯ ಮಗಳೇ,

ನಿನ್ನ ತಮ್ಮನ ಹಡಗಿನಿಂದ ಆರು ದಿನಗಳಿಂದ ಯಾವ ಸಂದೇಶವೂ ಬಂದಿಲ್ಲ. ಇದನ್ನು ತಿಳಿಸಿದವರು ಹಡಗು ಕಂಪನಿಯ ಗುಮಾಸ್ತರು. ನಿನ್ನೆ ಮಧ್ಯಾಹ್ನ ಅವರೇ ಮನೆಗೆ ಬಂದರು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಕೊನೆಯ ಸಂದೇಶ ಒಂದನೇ ತಾರೀಕು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬಂದದ್ದು: ಗಾಳಿ ಜೋರಾಗಿದೆ, ಎಂಜಿನ್ ಸರಿಯಿದೆ, ದಾರಿ ಸ್ವಲ್ಪ ಬದಲಿಸುತ್ತಿದ್ದೇವೆ. ಹಡಗಿನಲ್ಲಿ ಹದಿನಾಲ್ಕು ಜನ. ಹುಡುಕಲು ಎರಡು ವಿಮಾನ ಹೋಗಿವೆ.

"ಎಂಜಿನ್ ಸರಿಯಿದೆ ಅಂತ ಹೇಳಿಸಿದವನು ನಮ್ಮವನೇ ಇರ್ಬೇಕು" ಎಂದಳು ನಿನ್ನಮ್ಮ. ಎರಡನೇ ಎಂಜಿನಿಯರ್ ಅಲ್ಲವೇ, ಇರಬಹುದು.

ಇನ್ನು ಮೇಲೆ ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ ಕಂಪನಿಯ ಕಚೇರಿಯ ಹೊರಗಿನ ಬೋರ್ಡಿಗೆ ಒಂದು ಪ್ರಕಟಣೆ ಹಚ್ಚುತ್ತಾರಂತೆ. ನಾನು ಹೋಗಿ ಬರೆದುಕೊಂಡು ಬಂದು ಅಮ್ಮನಿಗೆ ಓದಿ ಹೇಳುತ್ತೇನೆ. ಅವಳ ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನವಷ್ಟೇ. ಡಾಕ್ಟರು ನಾಲ್ಕು ತಿಂಗಳು ಅಕ್ಷರ ನೋಡಬಾರದು ಎಂದಿದ್ದಾರೆ. ಮಂಡಿನೋವಿನಿಂದ ಮಹಡಿ ಇಳಿಯುವುದು ಭಾನುವಾರ ಮಾತ್ರ, ಅದೂ ನನ್ನ ಭುಜ ಹಿಡಿದು. ಆದ್ದರಿಂದ ಹಡಗಿನ ಸುದ್ದಿ ಈ ಮನೆಗೆ ಬರುವುದಾದರೆ ನನ್ನ ಬಾಯಿಂದಲೇ ಬರಬೇಕು.

ನನ್ನ ವಿಷಯ ನಿನಗೆ ಗೊತ್ತು. ಮೂವತ್ತನಾಲ್ಕು ವರ್ಷ ಹವಾಮಾನ ಕೇಂದ್ರದಲ್ಲಿ ಗಾಳಿ, ಮಳೆ, ಬಿಸಿಲು ಅಳೆದು ಬರೆದವನು. ಚರ್ಚಿನಲ್ಲಿ ಎಲ್ಲರೂ ಎದ್ದಾಗ ಏಳುತ್ತೇನೆ, ಕೂತಾಗ ಕೂರುತ್ತೇನೆ. ಇಂದಿನವರೆಗೆ ಏನನ್ನೂ ಕೇಳಿದವನಲ್ಲ. ಈ ಮನೆಯಲ್ಲಿ ಪ್ರಾರ್ಥನೆ ನಿನ್ನ ಇಲಾಖೆ. ನೀನು ಕಾನ್ವೆಂಟ್ ಸೇರಿದ ದಿನ ಸಿಟ್ಟಿನಲ್ಲಿ ಆಡಿದ ಮಾತು ಅದು. ಈಗ ಸಿಟ್ಟಿಲ್ಲದೆ ಹೇಳುತ್ತಿದ್ದೇನೆ. ನೀನು ಕೇಳು. ಅವನು ಸಿಗಲಿ ಎಂದು ಕೇಳು.

ನಿನ್ನ ಅಪ್ಪ


ಜುಲೈ ೧೫

ಪ್ರೀತಿಯ ಅಪ್ಪ,

ನಿಮ್ಮ ಪತ್ರ ತಲುಪಿತು. ಮದರ್ ಅದನ್ನು ಊಟದ ಮನೆಯಲ್ಲಿ ಎಲ್ಲರಿಗೂ ತಿಳಿಸಿದರು. ಹದಿಮೂರು ಜನ ಸಿಸ್ಟರ್‌ಗಳೂ ದಿನಾ ಸಂಜೆ ತಮ್ಮನಿಗಾಗಿ ಜಪಸರ ಹೇಳುತ್ತಿದ್ದಾರೆ. ನಾನೂ ಪ್ರಾರ್ಥಿಸುತ್ತಿದ್ದೇನೆ. ದೇವರಲ್ಲಿ ಭರವಸೆ ಇಡಿ, ಅವರು ಕೈಬಿಡುವುದಿಲ್ಲ.

ಇಲ್ಲಿ ಇಪ್ಪತ್ತೆರಡು ಹಾಸಿಗೆಗಳೂ ತುಂಬಿವೆ. ಇನ್ನು ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆಗಳು ಕೈಚೆಲ್ಲಿದವರೇ ಇಲ್ಲಿಗೆ ಬರುವುದಲ್ಲವೇ, ಹಾಸಿಗೆ ಖಾಲಿಯಾದರೂ ಸಂತೋಷಪಡುವ ಹಾಗಿಲ್ಲ. ಒಂಬತ್ತನೆಯ ಹಾಸಿಗೆಗೆ ಒಬ್ಬ ಮುದುಕ ದರ್ಜಿ ಬಂದಿದ್ದಾರೆ. ನನ್ನ ನಿಲುವಂಗಿಯ ಅಂಚು ನೋಡಿ, "ಸಿಸ್ಟರ್, ಇದನ್ನ ಹೊಲಿದವನು ಯಾರೇ ಆಗ್ಲಿ, ಸ್ವರ್ಗದ ಬಾಗಿಲಲ್ಲಿ ಅವನನ್ನ ಒಂದು ಗಂಟೆ ನಿಲ್ಲಿಸ್ತಾರೆ" ಎಂದರು. ಹೊಲಿದವಳು ನಾನೇ ಎಂದು ಹೇಳಲಿಲ್ಲ.

ಅಮ್ಮನ ಕಣ್ಣಿಗೆ ಔಷಧಿ ಬಿಡುವಾಗ ಕೈ ತೊಳೆದುಕೊಳ್ಳಿ.

ನಿಮ್ಮ ಮಗಳು


ಜುಲೈ ೨೧

ಪ್ರೀತಿಯ ಮಗಳೇ,

ಹುಡುಕಾಟ ನಿಂತಿದೆ. ಶನಿವಾರದ ಪ್ರಕಟಣೆಯಲ್ಲಿ ಇತ್ತು. ವಿಮಾನಗಳು ಹದಿನಾರು ದಿನ ಹಾರಿ ಕಂಡದ್ದು ಎಣ್ಣೆಯ ಒಂದು ಪದರ ಮಾತ್ರ. ಅದು ನಮ್ಮ ಹಡಗಿನದೇ ಎಂದು ಹೇಳಲಾಗದು ಎಂದೂ ಬರೆದಿದ್ದರು. ಭಾನುವಾರ "ಹೊಸ ಮಾಹಿತಿ ಇಲ್ಲ". ನಿನ್ನೆ "ಹೊಸ ಮಾಹಿತಿ ಇಲ್ಲ". ಇಂದೂ ಅಷ್ಟೇ.

ಬೋರ್ಡಿನ ಮುಂದೆ ಮೊದಲ ವಾರ ಮೂವತ್ತು ಜನ ಸೇರುತ್ತಿದ್ದರು. ಈಗ ನಾಲ್ಕೈದು ಜನ. ನಮ್ಮ ಚರ್ಚಿನವಳೇ ಒಬ್ಬಳು ಬರುತ್ತಾಳೆ, ಆ ಹಡಗಿನ ಅಡುಗೆಯವನ ಹೆಂಡತಿ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ, ಇಬ್ಬರು ಹೆಣ್ಣುಮಕ್ಕಳು. ಮೊನ್ನೆ ಗುಮಾಸ್ತರಿಗೆ, "ಸಾರ್, ನಾಳೆ ಬೇರೆ ಪೆನ್ನಲ್ಲಿ ಬರೀರಿ. ಈ ಪೆನ್ನು ಒಂದೇ ಮಾತು ಕಲ್ತುಬಿಟ್ಟಿದೆ" ಎಂದಳು. ಗುಮಾಸ್ತರು ನಕ್ಕರು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅವರ ಅಕ್ಕನ ಮಗನೂ ಅದೇ ಹಡಗಿನಲ್ಲಿದ್ದಾನೆ ಎಂದು ನನಗೆ ತಿಳಿದದ್ದು ಇವತ್ತು.

ಅಡುಗೆಯವನ ಹೆಂಡತಿ ಇನ್ನು ಬೋರ್ಡಿಗೆ ಬರುವುದಿಲ್ಲವಂತೆ. ಅಕ್ಕನ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಆಗಸ್ಟ್ ಹತ್ತಕ್ಕೆ ಸೇರಬೇಕು, ಸಾಮಾನು ಕಟ್ಟುತ್ತಿದ್ದಾಳೆ. "ಕಾಯೋದೂ ಒಂದು ಕೆಲಸಾನೇ ಮೇಷ್ಟ್ರೇ, ಆದ್ರೆ ಮಕ್ಳಿಗೆ ಅದ್ರಿಂದ ಹೊಟ್ಟೆ ತುಂಬಲ್ಲ" ಎಂದಳು. ಬೀದಿಯವರೆಲ್ಲ ನನ್ನನ್ನು ಮಳೆ ಮೇಷ್ಟ್ರು ಎಂದು ಕರೆಯುವುದು ನಿನಗೆ ನೆನಪಿರಬೇಕು.

ಅಮ್ಮ ಊಟ ಕಡಿಮೆ ಮಾಡಿದ್ದಾಳೆ. ನಿನ್ನ ಪ್ರಾರ್ಥನೆಯ ಮಾತು ಓದಿದಾಗ ಪತ್ರವನ್ನು ಕೈಗೆ ಕೊಡಿ ಎಂದು ಕೇಳಿ, ದಿಂಬಿನ ಕೆಳಗೆ ಇಟ್ಟುಕೊಂಡಳು.

ನಿನ್ನ ಅಪ್ಪ


ಆಗಸ್ಟ್ ೫, ಬುಧವಾರ

ಮಗಳೇ,

ನಾನು ಅಳೆಯದ ಅಳತೆಯೊಂದನ್ನು ಬರೆದಿದ್ದೇನೆ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ.

ಕಳೆದ ಶುಕ್ರವಾರ, ಮೂವತ್ತೊಂದನೇ ತಾರೀಕು, ಬೋರ್ಡಿನಲ್ಲಿ ಇದ್ದದ್ದು ಅದೇ ಮೂರು ಪದ. ಬರೆದುಕೊಂಡೆ. ಮನೆಗೆ ಬಂದಾಗ ನಿನ್ನಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬುಧವಾರದಿಂದ ನೀರು ಬಿಟ್ಟು ಬೇರೇನೂ ಗಂಟಲಿಗೆ ಇಳಿದಿರಲಿಲ್ಲ. ಬೆಳಿಗ್ಗೆ ಇಟ್ಟುಹೋದ ಬ್ರೆಡ್ಡು ಹಾಲು ಹಾಗೇ ಇತ್ತು, ಹಾಲಿನ ಮೇಲೆ ಕೆನೆ ಕಟ್ಟಿತ್ತು. "ಓದಿ" ಎಂದಳು. ಕೈಯಲ್ಲಿದ್ದ ಚೀಟಿ ನೋಡಿಕೊಂಡೇ ನಾನು ಓದಿದೆ: "ಸರಕು ಹಡಗೊಂದರ ನಾವಿಕರು ದೂರದಲ್ಲಿ ಒಂದು ಜೀವರಕ್ಷಕ ದೋಣಿಯನ್ನು ಕಂಡಿದ್ದಾರೆ. ಅದರಲ್ಲಿ ಆರು ಜನ ಇದ್ದಂತೆ ತೋರುತ್ತದೆ."

ಅಷ್ಟು ಹೇಳಬೇಕೆಂದು ಮೆಟ್ಟಿಲು ಹತ್ತುವಾಗ ನನಗೇ ಗೊತ್ತಿರಲಿಲ್ಲ.

ಅವಳು ಶಿಲುಬೆ ಗುರುತು ಹಾಕಿಕೊಂಡಳು. ಆಮೇಲೆ ಬ್ರೆಡ್ಡು ತಿಂದಳು. ಎರಡು ತುಂಡು.

ಊಟ ಮಾಡಲಿ, ಎರಡು ದಿನ ಬಿಟ್ಟು ದೋಣಿ ಮತ್ತೆ ಕಾಣಲಿಲ್ಲವಂತೆ ಎಂದರಾಯಿತು ಅಂದುಕೊಂಡಿದ್ದೆ. ಭಾನುವಾರ ಅವಳು ಪೂಜೆಗೆ ಮುಂಚೆಯೇ ಫಾದರ್ ಬಳಿ ಹೋಗಿ ಹೇಳಿದಳು. ಅವರು ಅದನ್ನು ಪೀಠದಿಂದ ಓದಿ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ದೇವರಿಗೆ ಕೃತಜ್ಞತೆ ಹೇಳಿಸಿದರು. ನಾನೂ ಎದ್ದು ನಿಂತೆ. ಮೂರು ಸಾಲು ಹಿಂದೆ ಅಡುಗೆಯವನ ಹೆಂಡತಿ ಇದ್ದಳು.

ಸೋಮವಾರ ಅವಳು ಕಂಪನಿಗೆ ಓಡಿದ್ದಾಳೆ. ಗುಮಾಸ್ತರು ಹಾಗೇನೂ ಇಲ್ಲ ಎಂದರು. ಅವಳು ನಂಬಲಿಲ್ಲ. "ಕಂಪನಿ ಯಾವತ್ತು ನಿಜ ಹೇಳಿದೆ? ಮಳೆ ಮೇಷ್ಟ್ರು ಗೊತ್ತಿಲ್ದೆ ಒಂದು ಮಾತು ಆಡೋರಲ್ಲ. ಅವ್ರಿಗೆ ಹವಾಮಾನ ಕೇಂದ್ರದಿಂದ ಒಳಗಿನ ಸುದ್ದಿ ಬರತ್ತೆ" ಎಂದಳಂತೆ. ಅದೇ ದಿನ ಅಕ್ಕನಿಗೆ ಪತ್ರ ಹಾಕಿದ್ದಾಳೆ, ಕೆಲಸ ಬೇಡ, ನಾನು ಬರುವುದಿಲ್ಲ ಎಂದು. ಕಟ್ಟಿದ ಸಾಮಾನು ಬಿಚ್ಚಿದ್ದಾಳೆ.

ಗುಮಾಸ್ತರು ನಿನ್ನೆ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ನಿಮಗ್ಯಾರು ಹೇಳಿದ್ದು? ನನ್ನ ಅಕ್ಕನಿಗೆ ಹೇಳ್ಲಾ, ಬೇಡ್ವಾ?" ಎಂದು ಕೇಳಿದರು. ಅವರೂ ನಂಬಲು ಸಿದ್ಧರಾಗಿದ್ದರು. ತಲೆನೋವು ಎಂದು ಹೇಳಿ ಬಂದುಬಿಟ್ಟೆ.

ಇನ್ನೊಂದು ವಿಷಯ. ಸೋಮವಾರ ಮಧ್ಯಾಹ್ನ ಖಾಲಿ ಚರ್ಚಿಗೆ ಹೋಗಿ ಮಂಡಿಯೂರಿದೆ. ಹುಟ್ಟಿದಾರಭ್ಯ ದೇವರಲ್ಲಿ ನಾನು ಕೇಳಿದ ಮೊದಲ ಬೇಡಿಕೆ ಇದು: ಆ ದೋಣಿಯನ್ನು ನಿಜ ಮಾಡು. ಮಗನನ್ನು ಉಳಿಸು ಎಂದಲ್ಲ, ನನ್ನ ಸುಳ್ಳನ್ನು ಉಳಿಸು ಎಂದು ಕೇಳಿದಂತಾಯಿತು. ಮನೆಗೆ ಬರುವ ದಾರಿಯಲ್ಲಿ ಅದು ಹೊಳೆಯಿತು. ಅಂದಿನಿಂದ ಎದೆಯ ಮೇಲೆ ಕಲ್ಲು ಇಟ್ಟ ಹಾಗಿದೆ.

ಏನು ಮಾಡಲಿ? ನೀನು ಪ್ರಾರ್ಥನೆ ಮಾಡುವವಳು. ನಿನಗೆ ಗೊತ್ತಿರುತ್ತದೆ.

ಅಪ್ಪ


ಆಗಸ್ಟ್ ೧೧

ಅಪ್ಪ,

ನನಗೆ ಗೊತ್ತಿಲ್ಲ. ಜುಲೈಯಲ್ಲಿ ನಿಮ್ಮ ಮೊದಲ ಪತ್ರ ಬಂದಂದಿನಿಂದ ನನಗೆ ಪ್ರಾರ್ಥಿಸಲು ಆಗಿಲ್ಲ.

ದಿನಕ್ಕೆ ಐದು ಸಲ ಪ್ರಾರ್ಥನಾಲಯಕ್ಕೆ ಹೋಗುತ್ತೇನೆ. ತುಟಿ ಆಡುತ್ತದೆ, ಒಳಗಡೆ ಏನೂ ಇಲ್ಲ. ಮೊದಲ ಸಾಲಿಗೇ ತಮ್ಮನ ಕೈ ಕಾಣುತ್ತದೆ, ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತಲ್ಲ, ಆ ಗ್ರೀಸ್ ಸಮೇತ. ಅಲ್ಲಿಗೆ ನಿಂತುಹೋಗುತ್ತದೆ. "ನಾನೂ ಪ್ರಾರ್ಥಿಸುತ್ತಿದ್ದೇನೆ" ಎಂದು ನಿಮಗೆ ಬರೆದೆ. ಅಮ್ಮ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಸುಳ್ಳು ಬರೆದವರು ನೀವೊಬ್ಬರೇ ಅಲ್ಲ. ನಿಮಗಿಂತ ಎರಡು ವಾರ ಮೊದಲೇ ನಾನು ಬರೆದಿದ್ದೆ.

ಆದ್ದರಿಂದ ಸಿಸ್ಟರ್ ಆಗಿ ಅಲ್ಲ, ಮಗಳಾಗಿ ಹೇಳುತ್ತಿದ್ದೇನೆ. ಮೊದಲು ಅಮ್ಮನಿಗೆ ಹೇಳಿ. ಮರುದಿನ ಆ ಹೆಂಗಸಿಗೆ ಹೇಳಿ. ಭಾನುವಾರದ ಒಳಗೆ ಮುಗಿಸಿ. ದೋಣಿ ಮತ್ತೆ ಕಾಣಲಿಲ್ಲವಂತೆ ಎಂಬ ಎರಡನೇ ಸುಳ್ಳು ಬೇಡ. ಅದು ಅವರನ್ನು ಎರಡು ಸಲ ಮುಳುಗಿಸಿದಂತೆ.

ಒಂಬತ್ತನೇ ಹಾಸಿಗೆಯ ದರ್ಜಿಗೆ ಈಗ ಮಾತಾಡಲು ಉಸಿರು ಸಾಲದು. ನಿನ್ನೆ ಅವರಿಗಾಗಿ ಪ್ರಾರ್ಥನೆ ಓದಲು ಹೋದೆ. ಪುಸ್ತಕ ಮುಚ್ಚಿ ಎಂದು ಸನ್ನೆ ಮಾಡಿದರು. "ಕೂತ್ಕೊಳ್ಳಿ ಸಿಸ್ಟರ್. ಸುಮ್ನೆ ಕೂತ್ಕೊಳ್ಳಿ ಸಾಕು" ಎಂದರು. ಅರ್ಧ ಗಂಟೆ ಕೂತೆ. ಈ ಒಂದು ತಿಂಗಳಲ್ಲಿ ಎದ್ದು ಓಡಬೇಕು ಅನ್ನಿಸದೆ ಇದ್ದ ಅರ್ಧ ಗಂಟೆ ಅದೊಂದೇ.

ಒಂದು ಪ್ರಶ್ನೆ. ಕೇಂದ್ರದಲ್ಲಿ ದಟ್ಟ ಮಂಜು ಕವಿದು ಏನೂ ಕಾಣದ ದಿನ ನೀವು ಏನು ಮಾಡುತ್ತಿದ್ದಿರಿ?

ನಿಮ್ಮ ಮಗಳು


ಆಗಸ್ಟ್ ೧೭, ಸೋಮವಾರ

ಪ್ರೀತಿಯ ಮಗಳೇ,

ಮೂರೂ ಕಡೆ ಹೇಳಿದ್ದಾಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಶುಕ್ರವಾರ ಊಟವಾದ ಮೇಲೆ ಅಮ್ಮನ ಎದುರು ಕೂತೆ. "ದೋಣಿಯ ಸುದ್ದಿ ನಾನು ಬರೆದದ್ದು" ಎಂದೆ.

"ದಿನಾ ನೀವೇ ಅಲ್ವಾ ಬರ್ಕೊಂಡು ಬರೋದು?"

"ಬೋರ್ಡಲ್ಲಿ ಅದು ಇರ್ಲಿಲ್ಲ. ದೋಣಿ ಇಲ್ಲ. ಯಾರೂ ಯಾರನ್ನೂ ನೋಡಿಲ್ಲ."

ಅವಳು ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಆರು ಜನ ಅಂದ್ರಲ್ಲ. ಆರು ಅಂತ ಯಾಕೆ ಅಂದ್ರಿ?"

"ಬಾಯಿಗೆ ಬಂದದ್ದು ಅದು" ಎಂದೆ.

"ಆ ಆರರಲ್ಲಿ ಅವನನ್ನ ಒಂದು ಮೂಲೇಲಿ ಕೂರಿಸಿದ್ದೆ ಕಣ್ರೀ. ಹೆಗಲ ಮೇಲೆ ಕಂಬಳಿ ಹೊದಿಸಿದ್ದೆ" ಎಂದಳು. ಕನ್ನಡಕ ಮತ್ತೆ ಹಾಕಿಕೊಂಡು, "ಹದಿನಾಲ್ಕು ದಿನ ದೇವ್ರಿಗೆ ಧನ್ಯವಾದ ಹೇಳಿದೀನಿ. ಅದನ್ನ ಈಗ ಯಾರ ಹತ್ರ ವಾಪಸ್ ಕೇಳ್ಲಿ?" ಎಂದಳು. ಗೋಡೆ ಹಿಡಿದುಕೊಂಡು ತಾನೇ ಎದ್ದು ಒಳಗೆ ಹೋದಳು. ಆ ಮಾತಿನ ನಂತರ ಇಂದಿನವರೆಗೆ ನನ್ನ ಜೊತೆ ಮಾತಾಡಿಲ್ಲ. ಊಟ ಮಾಡುತ್ತಾಳೆ. ಮಾತಿಲ್ಲ.

ಶನಿವಾರ ಅಡುಗೆಯವನ ಹೆಂಡತಿಯ ಮನೆಗೆ ಹೋದೆ. ಇಸ್ತ್ರಿ ಕೈಯಲ್ಲಿ ಹಿಡಿದೇ ಕೇಳಿಸಿಕೊಂಡಳು. ಕೆಳಗಿದ್ದ ಅಂಗಿಯ ಕಾಲರು ಸುಟ್ಟು ವಾಸನೆ ಬಂತು. ಆಗ ಎತ್ತಿಟ್ಟಳು.

"ಮಳೆ ಮೇಷ್ಟ್ರೇ, ನಾಳೆ ಮಳೆ ಬರತ್ತಾ ಅಂತ ಕೇಳಿದ್ರೆ, ಬಿದ್ದ ಮೇಲೆ ಅಳೆದು ಹೇಳ್ತೀನಮ್ಮ ಅಂತಿದ್ರಿ. ಒಣಗಾಕಿದ ಬಟ್ಟೆ ತೆಗೀಲೋ ಬಿಡ್ಲೋ ಅನ್ನೋದಕ್ಕೂ ನಿಮ್ಮ ಬಾಯಿಂದ ಒಂದು ಮಾತು ಹೊರಡ್ತಿರ್ಲಿಲ್ಲ. ನನ್ನ ಗಂಡನ ವಿಷಯಕ್ಕೆ ಮಾತ್ರ ಬೀಳೋಕೆ ಮೊದ್ಲೇ ಅಳೆದುಬಿಟ್ರಾ?"

ತಪ್ಪಾಯಿತು ಎಂದೆ.

"ತಪ್ಪಾಯ್ತು ಅಂದ್ರೆ ಕೆಲಸ ಬರತ್ತಾ? ಹತ್ತನೇ ತಾರೀಕು ಬೇರೆಯವಳು ಸೇರ್ಕೊಂಡ್ಳು. ಹೋಗಿ ಸಾಮಿ, ಕಾಲರು ಸುಟ್ಟಿದ್ದಕ್ಕೆ ಬೈಸ್ಕೊಳ್ಳೋದು ಬೇರೆ ಇದೆ ನನಗೆ." ಬಾಗಿಲು ಹಾಕಿದಳು.

ಭಾನುವಾರ ತಿದ್ದುಪಡಿ ಹೇಳಬೇಕು ಎಂದು ಫಾದರ್ ಬಳಿ ಹೋದೆ. "ತಪ್ಪು ತಿಳುವಳಿಕೆ ಆಗಿತ್ತು ಅಂತ ನಾನೇ ಹೇಳಿಬಿಡ್ತೀನಿ, ಬಿಡಿ" ಎಂದರು. ತಪ್ಪು ತಿಳುವಳಿಕೆ ಆಗಿರಲಿಲ್ಲ. ಪೂಜೆ ಮುಗಿಯುವ ಮುನ್ನ ನಾನೇ ಮುಂದೆ ಹೋಗಿ ನಾಲ್ಕು ವಾಕ್ಯ ಹೇಳಿದೆ. ದೋಣಿ ಕಂಡಿಲ್ಲ. ಕಂಡಿದೆ ಎಂದು ನಾನು ಕಟ್ಟಿ ಹೇಳಿದೆ. ಕಂಪನಿಯ ತಪ್ಪಿಲ್ಲ. ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ಗುಮಾಸ್ತರು ಕೊನೆಯ ಸಾಲಿನಲ್ಲಿದ್ದರು. ಅಮ್ಮ ಹಿಂದಿರುಗುವಾಗ ನನ್ನ ಭುಜ ಹಿಡಿದಳು, ಚರ್ಚಿನ ಮೆಟ್ಟಿಲು ಇಳಿಯಲು ಬೇರೆ ದಾರಿಯಿರಲಿಲ್ಲ.

ನಿನ್ನ ಪ್ರಶ್ನೆ. ಮಂಜಿನ ದಿನವೂ ಸಮಯಕ್ಕೆ ಸರಿಯಾಗಿ ಹೋಗಿ ನಿಲ್ಲುತ್ತಿದ್ದೆ. ಎದುರಿನ ಗುಡ್ಡದ ಮೇಲಿನ ನೀರಿನ ತೊಟ್ಟಿ ಕಾಣುತ್ತದೆಯೇ ಎಂದು ನೋಡುವುದು ನಿಯಮ. ಕಾಣದಿದ್ದರೆ "ಕಾಣಲಿಲ್ಲ" ಎಂದು ಬರೆದು ಸಹಿ ಹಾಕುತ್ತಿದ್ದೆ. ಕಾಣಲಿಲ್ಲ ಎನ್ನುವುದೂ ಒಂದು ದಾಖಲೆಯೇ. ಹೇಗೂ ಕಾಣುವುದಿಲ್ಲವೆಂದು ಒಳಗೇ ಕೂತವನು ಮಾತ್ರ ಕೆಲಸ ತಪ್ಪಿಸಿದವನು. ತೊಟ್ಟಿ ಅಲ್ಲೇ ಇದೆ ಎಂಬುದರಲ್ಲಿ ನನಗೆ ಒಂದು ದಿನವೂ ಅನುಮಾನ ಬಂದಿಲ್ಲ.

ಇದನ್ನು ಬರೆದ ಮೇಲೆ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ನಾಳೆಯಿಂದ ಬೆಳಿಗ್ಗೆ ಎಂಟೂವರೆಗೆ ಚರ್ಚಿಗೆ ಹೋಗುತ್ತೇನೆ. ನನ್ನ ಹಳೆಯ ಡ್ಯೂಟಿಯ ಸಮಯ. ಏನನ್ನೂ ಕೇಳುವುದಿಲ್ಲ. ನಿಲ್ಲುತ್ತೇನೆ ಅಷ್ಟೇ.

ನಿನ್ನ ಅಪ್ಪ


ಸೆಪ್ಟೆಂಬರ್ ೬

ಪ್ರೀತಿಯ ಅಪ್ಪ,

ದರ್ಜಿ ತೀರಿಕೊಂಡರು. ಗುರುವಾರ ಮಧ್ಯಾಹ್ನ ಮೂರೂ ಕಾಲಿಗೆ. ನಾನು ಪಕ್ಕದಲ್ಲಿದ್ದೆ. ಅವರಿಗೆ ಭಯವಿತ್ತು, ಅದನ್ನು ಬಚ್ಚಿಡಲಿಲ್ಲ. "ಅಲ್ಲಿ ಯಾರಾದ್ರೂ ಇದಾರಾ ಸಿಸ್ಟರ್?" ಎಂದು ಕೇಳಿದರು. "ಇದ್ದಾರೆ, ನನಗೆ ಈಗ ಕಾಣ್ತಾ ಇಲ್ಲ, ಆದ್ರೆ ಇದ್ದಾರೆ" ಎಂದೆ. ಅವರು ನನ್ನ ತೋಳಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಇದ್ದರು. ಆ ಉತ್ತರ ಬಾಯಿಂದ ಬಂದಾಗ ಅದು ಸುಳ್ಳಲ್ಲ ಎಂದು ನನಗೆ ತಿಳಿಯಿತು.

ನೀವು ಹೇಳಿದಂತೆ ಮಾಡುತ್ತಿದ್ದೇನೆ. ಪ್ರಾರ್ಥನಾಲಯದಲ್ಲಿ ಎಲ್ಲರೂ ಹೋದ ಮೇಲೆ ಹತ್ತು ನಿಮಿಷ ಉಳಿಯುತ್ತೇನೆ. "ಪ್ರಭುವೇ, ಏನೂ ಕಾಣುತ್ತಿಲ್ಲ" ಎಂದು ಹೇಳಿ ಸುಮ್ಮನೆ ಕೂರುತ್ತೇನೆ. ಮೊದಲ ಎರಡು ವಾರ ಅಳು ಮಾತ್ರ ಬಂತು. ಅಳುವಿನಲ್ಲೂ ಎದ್ದು ಹೋಗಬೇಕು ಅನ್ನಿಸಲಿಲ್ಲ. ಅದನ್ನೂ ಬರೆದಿಡಬೇಕಲ್ಲ.

ಆ ಹೆಂಗಸಿನ ಕೆಲಸದ ವಿಷಯ ಆಸ್ಪತ್ರೆಗೆ ಬರೆದಿರಾ? ಅಮ್ಮ ಮಾತಾಡಿದರೇ?

ನಿಮ್ಮ ಮಗಳು


ಸೆಪ್ಟೆಂಬರ್ ೨೭

ನನ್ನ ಬಂಗಾರ,

ಇದನ್ನು ಬರೆಯುತ್ತಿರುವವರು ನಿನ್ನಪ್ಪ ಅಲ್ಲ. ಅವರನ್ನು ಔಷಧಿ ಅಂಗಡಿಗೆ ಕಳಿಸಿದ್ದೇನೆ. ನಾನು ಹೇಳುತ್ತೇನೆ, ಅಡುಗೆಯವನ ಹೆಂಡತಿ ಬರೆಯುತ್ತಾಳೆ. ಅವಳ ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ನನ್ನನ್ನು ಬೈಯಬೇಡ. (ಕಾಗೆ ಕಾಲು ಅಂತ ಬರೀಬೇಡಿ ಅಂದ್ರೂ ಅಜ್ಜಿ ಕೇಳ್ತಾ ಇಲ್ಲ ಸಿಸ್ಟರ್. ನೀವೇ ನೋಡಿ ಹೇಳಿ.)

ಅವಳು ಬಂದದ್ದು ಹತ್ತು ದಿನದ ಹಿಂದೆ. ಬಾಗಿಲಲ್ಲಿ ನಿಂತು, ನಿನ್ನಪ್ಪನ ಮುಖ ನೋಡದೆ, "ಅಜ್ಜಿ ಕಣ್ಣಿಗೆ ಔಷಧಿ ಬಿಡೋರು ಯಾರು? ಈ ಗಂಡಸರು ಕಣ್ಣಿಗೆ ಅಂತ ಕಿವಿಗೆ ಬಿಡ್ತಾರೆ" ಎಂದಳು. ಅಂದಿನಿಂದ ಇಸ್ತ್ರಿ ಮುಗಿಸಿ ದಿನಾ ಬರುತ್ತಾಳೆ. ನಿನ್ನಪ್ಪ ಆಸ್ಪತ್ರೆಗೆ ಮೂರು ಪುಟ ಬರೆದಿದ್ದರು, ತಪ್ಪು ನನ್ನದು, ಕೆಲಸ ಅವಳಿಗೆ ಕೊಡಿ ಎಂದು. ಜಾಗ ಭರ್ತಿಯಾಗಿದೆ, ಮುಂದೆ ಖಾಲಿಯಾದರೆ ತಿಳಿಸುತ್ತೇವೆ ಎಂದು ಎರಡು ಸಾಲು ಬಂತು. ಆದ್ದರಿಂದ ಏನೂ ಸರಿಹೋಗಿಲ್ಲ. (ನಾನು ಮೇಷ್ಟ್ರನ್ನ ಪೂರ್ತಿ ಕ್ಷಮಿಸಿಲ್ಲ. ಆದ್ರೆ ಮನೇಲಿ ಕೂತ್ರೆ ನನ್ನ ಗಂಡನ ಬಗ್ಗೆ ಮಾತಾಡೋಕೆ ಯಾರೂ ಇಲ್ಲ. ಎಲ್ರೂ ಬೇರೆ ಮಾತು ತೆಗೀತಾರೆ. ಇಲ್ಲಿ ತೆಗೆಯಲ್ಲ.)

ನಾನು ಇಪ್ಪತ್ತಾರು ದಿನ ನಿನ್ನಪ್ಪನ ಜೊತೆ ಮಾತು ಬಿಟ್ಟಿದ್ದೆ. ಸಿಟ್ಟು ಸುಳ್ಳಿಗಲ್ಲ. ಆ ಸುಳ್ಳನ್ನು ನನ್ನಿಂದ ಕಿತ್ತುಕೊಂಡದ್ದಕ್ಕೆ. ಹಾಗೆಂದು ತಿಳಿಯಲು ನನಗೇ ಅಷ್ಟು ದಿನ ಬೇಕಾಯಿತು. ಅವರು ಪ್ರತಿದಿನ ಎಂಟೂವರೆಗೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಲು ಬಾಯಿ ಬಿಟ್ಟೆ. ಅಲ್ಲಿಗೆ ಮಾತು ಶುರುವಾಯಿತು.

ಜುಲೈಯಿಂದ ನಾನು, "ಕರ್ಕೊಂಡು ಬಾ, ಕರ್ಕೊಂಡು ಬಾ" ಎಂದು ದೇವರ ಅಂಗಿ ಹಿಡಿದು ಜಗ್ಗುತ್ತಿದ್ದೆ. ಈಗ ಆ ಮಾತು ಬರುವುದಿಲ್ಲ. ನಾನೂ ಇವಳೂ ಜಪಸರ ಮುಗಿಸಿ ಹೇಳುವುದು ಇಷ್ಟೇ: ಅವರು ಎಲ್ಲಿದ್ದಾರೋ ಅಲ್ಲಿ ನೀನಿರು. ಅಷ್ಟು ಹೇಳಿದ ಮೇಲೆ ನನಗೆ ಉಸಿರಾಡಲು ಆಗುತ್ತದೆ. ದುಃಖ ಹಾಗೇ ಇದೆ ಬಂಗಾರ. ಅದು ಎಲ್ಲಿಗೂ ಹೋಗಿಲ್ಲ, ಪಕ್ಕದಲ್ಲೇ ಕೂತಿದೆ. ಆದರೆ ಹೆದರಿಕೆ ಹೋಗಿದೆ. (ನನಗೆ ಪೂರ್ತಿ ಹೋಗಿಲ್ಲ. ಅಜ್ಜಿ ಹೋಗತ್ತೆ ಅಂತಾರೆ.)

ನಿನಗೆ ಪ್ರಾರ್ಥನೆ ಬರುತ್ತಿಲ್ಲವೆಂದು ಅಪ್ಪ ಹೇಳಿದರು. ಬರದಿದ್ದರೆ ಇರಲಿ. ನಿನ್ನ ಪಾಲಿನದನ್ನು ಸದ್ಯಕ್ಕೆ ನಾನು ಹೇಳುತ್ತೇನೆ.

ಅಮ್ಮ
(ಬರೆದವಳು: ಅಡುಗೆಯವರ ಹೆಂಡತಿ)


ಅಕ್ಟೋಬರ್ ೧೪, ಬುಧವಾರ

ಪ್ರೀತಿಯ ಮಗಳೇ,

ಹಡಗು ಮುಳುಗಿದೆ, ಹದಿನಾಲ್ಕು ಜನರೂ ಮೃತಪಟ್ಟಿದ್ದಾರೆ ಎಂದು ನಿನ್ನೆ ಅಧಿಕೃತವಾಗಿ ಘೋಷಿಸಲಾಯಿತು. ಹನ್ನೊಂದು ಗಂಟೆಯ ಪ್ರಕಟಣೆಯಲ್ಲಿ ಬಂತು. ಗುಮಾಸ್ತರೇ ಹಚ್ಚಿದರು. ಹಚ್ಚಿ ನನ್ನ ಪಕ್ಕಕ್ಕೆ ಬಂದು ನಿಂತರು. ಇದು ಕೊನೆಯ ಪ್ರಕಟಣೆ, ನಾಳೆಯಿಂದ ಬೋರ್ಡು ಇರುವುದಿಲ್ಲ ಎಂದರು. ಅವರ ಅಕ್ಕನಿಗೆ ಹೇಳಲು ನಾನೂ ಜೊತೆಗೆ ಹೋಗಿದ್ದೆ.

ಮನೆಗೆ ಬಂದಾಗ ನಿನ್ನಮ್ಮ ಮತ್ತು ಅಡುಗೆಯವನ ಹೆಂಡತಿ ಇಬ್ಬರೂ ಕಿಟಕಿಯ ಬಳಿ ಇದ್ದರು. ಇಡೀ ಪ್ರಕಟಣೆಯನ್ನು, ಒಂದು ಪದವೂ ಬಿಡದೆ, ಬರೆದುಕೊಂಡು ಬಂದಿದ್ದೆ. ಓದಿದೆ. ಅಮ್ಮ "ಇನ್ನೊಂದು ಸಲ" ಎಂದಳು. ಮತ್ತೆ ಓದಿದೆ. ಅಡುಗೆಯವನ ಹೆಂಡತಿ ಚೀಟಿಯನ್ನು ಕೇಳಿ ತೆಗೆದುಕೊಂಡು ತಾನೇ ಓದಿ ನೋಡಿದಳು. ಆ ಹಕ್ಕು ಅವಳಿಗಿದೆ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಮ್ಮ ನನ್ನತ್ತ ಕೈ ಚಾಚಿ, "ಅಲ್ಲಿ ಯಾಕೆ ನಿಂತಿದೀರಿ, ಬನ್ನಿ" ಎಂದಳು.

ತೊಂಬತ್ತೊಂಬತ್ತು ದಿನ ಈ ಸುದ್ದಿಗೆ ಹೆದರಿದ್ದೆ. ಇವತ್ತು ಬೆಳಿಗ್ಗೆ ಎಂಟೂವರೆಗೆ ಎಂದಿನಂತೆ ಚರ್ಚಿಗೆ ಹೋದೆ. ಮಗನಿಲ್ಲ ಎಂದು ಗೊತ್ತಿದ್ದೂ ಹೋದ ಮೊದಲ ದಿನ. ಮಂಡಿಯೂರಿದೆ. ಅವನು ಚಿಕ್ಕವನಿದ್ದಾಗ ಮಳೆಮಾಪಕಕ್ಕೆ ಕದ್ದು ನೀರು ಸುರಿದು ನನ್ನಿಂದ ಏಟು ತಿಂದದ್ದು ನೆನಪಾಯಿತು. ಅತ್ತೆ. ಆಮೇಲೆ, "ನಿನ್ನ ಕೈಗೆ ಕೊಟ್ಟಿದ್ದೇನೆ" ಎಂದು ಬಾಯಿಬಿಟ್ಟು ಹೇಳಿದೆ. ಯಾರ ಕೈ ಎಂದು ನನಗೆ ಕಂಡಿಲ್ಲ. ಆದರೆ ಆಗಸ್ಟ್‌ನಿಂದ ಎದೆಯ ಮೇಲಿದ್ದ ಭಾರ ಆಗ ಇರಲಿಲ್ಲ. ಒಂಬತ್ತು ಗಂಟೆಗೆ ಎದ್ದಾಗಲೂ ಇರಲಿಲ್ಲ. ಕಾರಣ ನಾನು ಹೇಳಲಾರೆ. ಆದದ್ದನ್ನು ಬರೆದಿದ್ದೇನೆ.

ಶವಪೆಟ್ಟಿಗೆ ಇಲ್ಲದೆಯೇ ಪೂಜೆ ಮಾಡಬಹುದು ಎಂದು ಫಾದರ್ ಒಪ್ಪಿದ್ದಾರೆ. ಎಲ್ಲ ಹದಿನಾಲ್ಕು ಜನರ ಹೆಸರುಗಳನ್ನೂ ಓದಬೇಕು, ಯಾವ ಚರ್ಚಿನವರಾದರೂ ಸರಿ, ಚರ್ಚಿಗೇ ಬಾರದವರಾದರೂ ಸರಿ. ಯಾರು ಓದುವುದು ಎಂಬ ಮಾತು ಬಂದಾಗ ಗುಮಾಸ್ತರು ಓದಲಿ ಎಂದೆ. ಅಡುಗೆಯವನ ಹೆಂಡತಿ ತಡೆದಳು.

"ನೀವೇ ಓದ್ಬೇಕು ಮೇಷ್ಟ್ರೇ."

"ನನ್ನ ಬಾಯಿಂದ ಬೇಡಮ್ಮ."

"ನಿಮ್ಮ ಬಾಯಿಂದ್ಲೇ. ನನಗಿನ್ನೂ ನಂಬಿಕೆ ಬಂದಿಲ್ಲ, ಅವರು ಹೋದ್ರು ಅಂತ. ಅಷ್ಟು ಜನರ ಮುಂದೆ ನಿಂತು ನಾನು ಸುಳ್ಳು ಹೇಳಿದ್ದೆ ಅಂತ ಹೇಳಿದೋರು ನೀವೊಬ್ರೇ. ನೀವು ಓದಿದ್ರೆ ನಂಬ್ತೀನಿ."

ನಾನು ಒಪ್ಪಿಕೊಂಡೆ.

ಕಂಪನಿಯಿಂದ ಪಟ್ಟಿ ತಂದಿದ್ದೇನೆ. ಉಚ್ಚಾರ ತಿಳಿಯದ ಮೂರು ಹೆಸರುಗಳನ್ನು ಆ ಮನೆಯವರಲ್ಲೇ ಕೇಳಿ ಬರೆದುಕೊಂಡಿದ್ದೇನೆ. ನಿನಗೆ ಎರಡು ದಿನ ರಜೆ ಕೊಡಿ ಎಂದು ಮದರ್‌ಗೂ ಬರೆದಿದ್ದೇನೆ. ಇಪ್ಪತ್ಮೂರನೇ ತಾರೀಕು ಶುಕ್ರವಾರ ಸಂಜೆ ನಾಲ್ಕರ ಬಸ್ಸಿಗೆ ನಿಲ್ದಾಣದಲ್ಲಿ ಇರುತ್ತೇನೆ.

ಪೂಜೆ ಇಪ್ಪತ್ನಾಲ್ಕನೇ ತಾರೀಕು, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಹೆಸರುಗಳನ್ನು ಒಂಬತ್ತೂ ಇಪ್ಪತ್ತಕ್ಕೆ ಓದುತ್ತೇನೆ. ನಮ್ಮವನದು ಐದನೆಯದು, ಅವಳ ಗಂಡನದು ಹದಿಮೂರನೆಯದು.

ನಿನ್ನ ಅಪ್ಪ